ಲಾರಿಗೆ ಮಳೆಗಾಲ, ಇಂಜಿನ್ನಿಗೆ ಆಯಿಲ್



ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಮಂಗಳೂರಿನಲ್ಲಿ ದೋಣಿಗಳು ದಡ ಸೇರಿದವೆಂದರೆ ಮೀನಿನ ಲಾರಿಗಳಿಗೂ ಕೆಲಸ ಕಡಿಮೆ. ಮೀನಿನ ಉಪ್ಪುನೀರು ಸೋರಿ ಸೋರಿ ತುಕ್ಕು ಹಿಡಿದ ಚಾಸಿಯನ್ನು ಉಜ್ಜಿ ಬಣ್ಣ ಬಳಿಯುವುದಕ್ಕೆ, ದೊಡ್ಡ ರಿಪೇರಿಗಳಿಗೆ ಅದೇ ಬಿಡುವು. ಬ್ಯಾಡಗಿ ಮೆಣಸಿನಕಾಯಿ ಸಾಗಿಸುವವರ ಲೆಕ್ಕ ಬೇರೆ. ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಆವಕ ಜೋರು, ಆಗ ಲಾರಿಯನ್ನು ಗ್ಯಾರೇಜಿಗೆ ಬಿಡುವ ಮಾತೇ ಇಲ್ಲ. ಸರಕು ಮತ್ತು ಮಳೆ ಸೇರಿ ಲಾರಿಯ ರಿಪೇರಿ ಪಂಚಾಂಗ ಬರೆಯುತ್ತವೆ ಎನ್ನಬಹುದು. ಇಂಜಿನ್ ಆಯಿಲ್ ಮಾತ್ರ ಆ ಪಂಚಾಂಗದಿಂದ ಹೊರಬಿದ್ದಿದೆ. ಇಂದಿನ ಮಾತು ಅದರ ಬಗ್ಗೆ.

ಹಿಂದೆ ಆಯಿಲ್ ಒಂದೇ ದರ್ಜೆಯದಾಗಿರುತ್ತಿತ್ತು. ಚಳಿಗಾಲಕ್ಕೆ ತೆಳು, ಬೇಸಿಗೆಗೆ ಗಟ್ಟಿ ಎಂದು ಚಳಿ ದೇಶಗಳಲ್ಲಿ ಬದಲಿಸುತ್ತಿದ್ದರು. ಬಹುದರ್ಜೆಯ ಆಯಿಲ್ ಬಂದಮೇಲೆ ಆ ತಾಪತ್ರಯ ತಪ್ಪಿತು. ನಮ್ಮ ಲಾರಿಗಳಲ್ಲಿ ಹೆಚ್ಚು ಕಾಣುವ 15ಡಬ್ಲ್ಯೂ-40 ಡಬ್ಬಿಯನ್ನೇ ನೋಡಿ. ಆ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೈನಸ್ 20 ಡಿಗ್ರಿಯಲ್ಲೂ ಇಂಜಿನ್ ತಿರುಗಿ ಸ್ಟಾರ್ಟ್ ಆಗಬಲ್ಲಷ್ಟು ತೆಳುವಾಗಿರಬೇಕು ಎಂಬುದು 15ರ ಷರತ್ತು. ಇಂಜಿನ್ ಕಾದು 100 ಡಿಗ್ರಿ ಮುಟ್ಟಿದಾಗಲೂ ಇಷ್ಟು ಗಟ್ಟಿತನ ಉಳಿಯಬೇಕು ಎಂಬುದು 40ರ ಷರತ್ತು. ಎರಡನ್ನೂ ಒಂದೇ ಆಯಿಲ್ ಸಾಧಿಸುವುದು ಅದರಲ್ಲಿ ಬೆರೆಸಿದ ಪಾಲಿಮರುಗಳಿಂದ. ತಣ್ಣಗಿದ್ದಾಗ ಈ ಅಣುಗಳು ಮುದುಡಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಆಯಿಲ್ ತೀರಾ ತೆಳುವಾಗದಂತೆ ತಡೆಯುತ್ತವೆ. ಲಡಾಖಿಗೆ ಸರಕು ಒಯ್ಯುವವರು ಆ ಮೊದಲ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು. ಚಿತ್ರದುರ್ಗದಲ್ಲಿ ಚಳಿಗೆಂದು ಯಾರೂ ಆಯಿಲ್ ಬದಲಿಸಬೇಕಾಗಿಲ್ಲ.

ಹಾಗಾದರೆ ನಮ್ಮಲ್ಲಿ ಋತುವಿಗೆ ತಕ್ಕ ಕೆಲಸ ಯಾವುದು? ನೀರು, ದೂಳು, ಸೆಕೆ, ಈ ಮೂರನ್ನು ನಿಭಾಯಿಸುವುದು. ಸೆಕೆಗೆ ರೇಡಿಯೇಟರಿನ ರೆಕ್ಕೆಗಳನ್ನು ತೊಳೆಸಿ, ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು. ದೂಳಿಗೆ ಏರ್ ಫಿಲ್ಟರ್ ಇದೆ. ಮಳೆಯ ವಿಷಯವೇ ಬೇರೆ, ಅಲ್ಲಿ ಸ್ವಲ್ಪ ನಿಲ್ಲಬೇಕು.

ಮಂಗಳೂರು ಬಂದರಿನಿಂದ ಲೋಡು ಹೊತ್ತ ಲಾರಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುತ್ತದೆ, ಬೇರೆ ಲೋಡಿನೊಂದಿಗೆ ಅದೇ ದಾರಿಯಲ್ಲಿ ಇಳಿಯುತ್ತದೆ. ಇಳಿಯುವಾಗ ಜೀವ ಕಾಯುವುದು ಏರ್ ಬ್ರೇಕು. ಮಳೆಗಾಲದ ಗಾಳಿಯ ತೇವವೆಲ್ಲ ಕಂಪ್ರೆಸರ್ ಮೂಲಕ ಏರ್ ಟ್ಯಾಂಕಿಗೆ ಬರುತ್ತದೆ. ಅದನ್ನು ಹೀರಿಕೊಳ್ಳಲು ಏರ್ ಡ್ರೈಯರ್ ಇದೆ, ಅದರ ಕಾರ್ಟ್ರಿಡ್ಜಿಗೆ ಆಯುಸ್ಸೂ ಇದೆ. ಬೆಳಿಗ್ಗೆ ಟ್ಯಾಂಕಿನ ತಳದ ಡ್ರೈನ್ ವಾಲ್ವ್ ಎಳೆಯಿರಿ. ಬುಸ್ಸೆಂದು ಒಣಗಾಳಿ ಬಂದರೆ ಸರಿ. ಗಾಳಿಯ ಜೊತೆ ನೀರು ಚಿಮ್ಮಿದರೆ ಡ್ರೈಯರಿನ ಕೆಲಸ ಮುಗಿದಿದೆ. ಎಣ್ಣೆ ಬೆರೆತ ಕೆಸರು ಬಂದರೆ ಕಂಪ್ರೆಸರನ್ನೇ ಬಿಚ್ಚಿ ನೋಡಬೇಕು. ಇಷ್ಟಕ್ಕೆ ಒಂದು ನಿಮಿಷ ಸಾಕು, ಯಾವ ಉಪಕರಣವೂ ಬೇಡ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ನಿಲ್ಲುವ ಬಟ್ಟಲನ್ನೂ ಆಗಲೇ ಖಾಲಿ ಮಾಡಿಕೊಳ್ಳಬಹುದು. ಇನ್ನೊಂದು ಮಾತು: ಡೀಸೆಲ್ ಉಳಿಯುತ್ತದೆಂದು ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ. ಈಗಿನ ಇಂಜಿನ್ ಗೇರಿನಲ್ಲಿದ್ದು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಡುತ್ತಿರಲು ಡೀಸೆಲ್ ಬೇಕು. ಉಳಿತಾಯವೂ ಇಲ್ಲ, ಇಂಜಿನ್ನಿನ ಬ್ರೇಕೂ ಇಲ್ಲ.

ಇನ್ನು ಆಯಿಲ್. ಇದರ ಕಥೆ ಶುರುವಾಗುವುದು ಡೀಸೆಲ್‌ನಲ್ಲಿರುವ ಗಂಧಕದಿಂದ. ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳಲ್ಲಿ ಬಿಎಸ್-3 ಕಾಲದ ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಬಂದಾಗ 10ಕ್ಕೆ ಇಳಿಯಿತು. ಗಂಧಕ ಉರಿದರೆ ಆಮ್ಲವಾಗುತ್ತದೆ, ಆಮ್ಲ ಇಂಜಿನ್ನನ್ನು ತಿನ್ನುತ್ತದೆ. ಅದನ್ನು ಕೊಲ್ಲಲು ಹಳೆಯ ಆಯಿಲ್‌ಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಕ್ಷಾರವಸ್ತುಗಳನ್ನು ಧಾರಾಳವಾಗಿ ಬೆರೆಸುತ್ತಿದ್ದರು, ಸವೆತ ತಡೆಯಲು ಸತುವಿನ ಸಂಯುಕ್ತವನ್ನೂ ಸೇರಿಸುತ್ತಿದ್ದರು. ಡೀಸೆಲ್ ಶುದ್ಧವಾದಂತೆ ಇಷ್ಟೊಂದು ಕ್ಷಾರ ಬೇಡವಾಯಿತು. ಬೇಡವಾದದ್ದಷ್ಟೇ ಅಲ್ಲ, ಕಂಟಕವೂ ಆಯಿತು.

ಕಾರಣ ಬಿಎಸ್-6 ಲಾರಿಯ ಹೊಗೆ ಕೊಳವೆಯಲ್ಲಿರುವ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರು. ಅದರಲ್ಲಿ ಸೇರಿದ ಮಸಿಯನ್ನು ಲಾರಿ ತಾನೇ ಆಗಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟುಹಾಕುತ್ತದೆ. ಆದರೆ ಒಲೆಯಲ್ಲಿ ಸೌದೆ ಉರಿದು ಬೂದಿ ಉಳಿಯುವ ಹಾಗೆ, ಆಯಿಲ್‌ನಲ್ಲಿದ್ದ ಲೋಹಗಳು ಬೂದಿಯಾಗಿ ಅಲ್ಲೇ ಕೂರುತ್ತವೆ, ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ 2006ರಲ್ಲಿ ಅಮೆರಿಕದ ಎಪಿಐ ಸಂಸ್ಥೆ ಸಿಜೆ-4 ದರ್ಜೆ ತಂದಾಗ ಬೂದಿಗೆ ಶೇಕಡಾ 1ರ ಮಿತಿ ಹಾಕಿತು. 2016ರ ಡಿಸೆಂಬರಿನಲ್ಲಿ ಬಂದ ಸಿಕೆ-4 ಆ ಮಿತಿಯನ್ನು ಉಳಿಸಿಕೊಂಡು ಮುಂದೆ ಹೋಯಿತು: ಬಿಸಿಗೆ ಬೇಗ ಕೆಡಬಾರದು, ಗಾಳಿಗುಳ್ಳೆ ತುಂಬಿ ನೊರೆಯಾಗಬಾರದು, ಆಗಲೇ ಹೇಳಿದ ಪಾಲಿಮರುಗಳು ಗೇರುಗಳ ನಡುವೆ ತುಂಡಾಗಿ ಆಯಿಲ್ ತೆಳುವಾಗಬಾರದು. ಅದರ ಜೊತೆಗೇ ಎಫ್‌ಎ-4 ಎಂಬ ಇನ್ನೊಂದು ದರ್ಜೆ ಬಂತು. ಇದು ಡೀಸೆಲ್ ಉಳಿಸಲೆಂದೇ ತೆಳುಮಾಡಿದ್ದು, ಅದಕ್ಕೆಂದು ರೂಪಿಸಿದ ಇಂಜಿನ್ನಿಗೆ ಮಾತ್ರ ಸಲ್ಲುತ್ತದೆ.

ನಮ್ಮ ಮಾಲೀಕರಿಗೆ ಪೇಚು ಇಲ್ಲೇ ಇರುವುದು. ಹತ್ತು ಲಾರಿ ಇರುವವರ ಶೆಡ್ಡಿನಲ್ಲಿ ಬಿಎಸ್-3, ಬಿಎಸ್-4, ಬಿಎಸ್-6 ಮೂರೂ ಇರುತ್ತವೆ, ಬ್ಯಾರಲ್ ಮಾತ್ರ ಒಂದೇ. ಹಳೆಯ ಸಿಎಚ್-4 ಅಥವಾ ಸಿಐ-4 ಆಯಿಲ್ ಅಗ್ಗವೆಂದು ಹೊಸ ಲಾರಿಗೂ ಸುರಿದರೆ ಅವತ್ತೇನೂ ಆಗುವುದಿಲ್ಲ. ಇಂಜಿನ್ ಚೆನ್ನಾಗಿಯೇ ಓಡುತ್ತದೆ, ಡಿಪಿಎಫ್ ಒಳಗೊಳಗೇ ತುಂಬುತ್ತ ಬರುತ್ತದೆ. ಸಿಕೆ-4ಅನ್ನು ಹಳೆಯ ಲಾರಿಗೆ ಹಾಕಬಹುದು, ಈಗ ಬಂಕಿನಲ್ಲಿ ಸಿಗುವುದೂ ಬಿಎಸ್-6 ಡೀಸೆಲ್ಲೇ ಅಲ್ಲವೆ. ಒಂದೇ ಬ್ಯಾರಲ್ ಇಡುವುದಾದರೆ ಹೊಸ ಲಾರಿಯ ಕೈಪಿಡಿ ಕೇಳುವ ಆಯಿಲ್ ಇಡುವುದು ಜಾಣತನ. ಬ್ಯಾರಲ್ ಮೇಲಿನ ಕಂಪನಿ ಹೆಸರಿಗಿಂತ ಅದರ ಕೆಳಗಿನ ಸಣ್ಣ ಅಕ್ಷರ ಮುಖ್ಯ.

ಆಯಿಲ್ ಕಪ್ಪಾಗಿದೆ, ಬದಲಿಸಬೇಕು ಎನ್ನುವ ಮಾತು ಗ್ಯಾರೇಜುಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಾಗಲೇಬೇಕು, ಮಸಿಯನ್ನು ಒಂದೆಡೆ ಗಡ್ಡೆಕಟ್ಟಲು ಬಿಡದೆ ತನ್ನಲ್ಲಿ ತೇಲಿಸಿ ಇಟ್ಟುಕೊಳ್ಳುವುದೇ ಅದರ ಕೆಲಸ. ಬೆರಳಿಗೆ ಸವರಿ ತಿಕ್ಕಿ ನೋಡಿದರೂ ಏನೂ ಗೊತ್ತಾಗುವುದಿಲ್ಲ. ಡಿಪ್ ಸ್ಟಿಕ್ ಹೇಳುವ ನಿಜವಾದ ಸುದ್ದಿಗಳು ಬೇರೆ. ಹಾಲು ಬೆರೆತಂತೆ ಬಿಳಿಚಿದರೆ ನೀರೋ ಕೂಲೆಂಟೋ ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಆಯಿಲ್‌ಗೆ ಡೀಸೆಲ್ ಇಳಿಯುತ್ತಿದೆ. ಮಟ್ಟ ಏರಿತೆಂದು ಖುಷಿಪಡುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ.

ದೊಡ್ಡ ಸಾರಿಗೆ ಕಂಪನಿಗಳು ಪ್ರಯೋಗಾಲಯಕ್ಕೆ ಆಯಿಲ್ ಮಾದರಿ ಕಳಿಸುತ್ತವೆ. ವರದಿಯಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರಿನಲ್ಲಿ ಎಲ್ಲೋ ಸಂದಿ ಬಿಟ್ಟು ದೂಳು ನುಗ್ಗುತ್ತಿದೆ. ತಾಮ್ರ, ಸೀಸ ಏರಿದ್ದರೆ ಬೇರಿಂಗ್ ಸವೆಯುತ್ತಿದೆ. ಹೊಸ ಆಯಿಲ್‌ಗಳಲ್ಲಿ ಬದಲಾವಣೆಯ ಅವಧಿ ಹತ್ತಾರು ಸಾವಿರ ಕಿಲೋಮೀಟರಿಗೆ ಹೋಗಿರುವುದರಿಂದ ನಡುವೆ ಒಮ್ಮೆ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಗಣಿ ದೂಳಿನಲ್ಲಿ ಓಡುವ ಸಂಡೂರಿನ ಟಿಪ್ಪರಿಗೂ ಹೆದ್ದಾರಿಯಲ್ಲೇ ಓಡುವ ಕಂಟೇನರಿಗೂ ಒಂದೇ ಅವಧಿ ಹೊಂದುವುದಿಲ್ಲ.

ಕೊನೆಗೆ, ಇಳಿಸಿದ ಹಳೆ ಆಯಿಲ್. ಸೆಂಟ್ರಿಂಗ್ ಹಲಗೆಗೆ ಬಳಿಯಲು, ಭಟ್ಟಿಗೆ ಉರಿಸಲು ಅದು ಕೈಬದಲಾಗುತ್ತದೆ, ಉಳಿದದ್ದು ಚರಂಡಿಗೆ ಹೋಗುತ್ತದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಬಳಸಿದ ಆಯಿಲ್‌ನ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಗಳ ಮೇಲೂ ಬಿದ್ದಿದೆ. ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಟ್ಟರೆ ಅದನ್ನು ಶುದ್ಧಮಾಡಿ ಮತ್ತೆ ಮೂಲ ಎಣ್ಣೆಯಾಗಿಸಬಹುದು. ಮುಂದಿನ ಸಲ ಆಯಿಲ್ ಬದಲಿಸುವಾಗ ಹಳೆಯದನ್ನು ಮುಚ್ಚಳವಿರುವ ಡ್ರಮ್ಮಿಗೆ ತುಂಬಿಸಿ, ನೀರು ಬೀಳದಂತೆ ಶೆಡ್ಡಿನೊಳಗಿಡಿ, ಒಯ್ದವರಿಂದ ರಸೀದಿ ಪಡೆಯಿರಿ.