ಕುದುರೆಯ ಕಾಲಿಗೆ ಅವಸರ ಗೊತ್ತಿಲ್ಲ

ಕುದುರೆ ವ್ಯಾಪಾರ. ಈ ಎರಡು ಪದಗಳನ್ನು ಈ ಕುರ್ಚಿಯಲ್ಲಿ ಕೂತು ನಾನು ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಸರ್ಕಾರ ಅಲುಗಾಡಿದಾಗ ಹೇಳಿದ್ದೀನಿ, ರೆಸಾರ್ಟ್ ಗೇಟು ಮುಚ್ಚಿದಾಗ ಹೇಳಿದ್ದೀನಿ, ರಾಜ್ಯಸಭೆ ಚುನಾವಣೆ ಬಂದಾಗ ಹೇಳಿದ್ದೀನಿ. ಆ ವ್ಯಾಪಾರದಲ್ಲಿ ಒಂದೇ ಒಂದು ಕುದುರೆ ಇರೋದಿಲ್ಲ. ಮಾರಿಕೊಳ್ಳೋರು ಮನುಷ್ಯರು, ಹೆಸರು ಕೆಡೋದು ಪಾಪ ಕುದುರೆಯದು.

ಇವತ್ತು ನಿಜವಾದ ಕುದುರೆಗಳ ಬಗ್ಗೆ ಮಾತಾಡ್ತೀನಿ. ರೇಸ್ ಕೋರ್ಸ್ ಕುದುರೆ ಅಲ್ಲ. ಬಾಜಿ ಇಲ್ಲ, ಜಾಕ್‌ಪಾಟ್ ಇಲ್ಲ. ಇದು ಇವೆಂಟಿಂಗ್ ಅನ್ನೋ ಆಟದ ಕುದುರೆಗಳ ಕಥೆ. ಈಗ ಮಾರ್ಚ್. ಯುರೋಪಿನಲ್ಲಿ ಈ ಆಟದ ಹೊಸ ಸೀಸನ್ ಶುರುವಾಗ್ತಾ ಇದೆ. ಏಪ್ರಿಲ್‌ನಲ್ಲಿ ಅಮೆರಿಕದ ಕೆಂಟಕಿ, ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ಯಾಡ್ಮಿಂಟನ್. ಹೆಸರು ನೋಡಿ ಶಟಲ್ ಆಟ ಅಂದ್ಕೋಬೇಡಿ, ಅದು ಊರಿನ ಹೆಸರು. 1949ರಿಂದ ಅಲ್ಲಿ ಕುದುರೆಗಳ ಪರೀಕ್ಷೆ ನಡೀತಿದೆ. ನಮಗೆ ಇನ್ನೂ ದೊಡ್ಡ ಪರೀಕ್ಷೆ ಮುಂದಿದೆ. ಈ ವರ್ಷ, 2026ರ ಸೆಪ್ಟೆಂಬರ್‌ನಲ್ಲಿ, ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್.

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ಇವೆಂಟಿಂಗ್ ಅಂದ್ರೆ ಮೂರು ಪರೀಕ್ಷೆ. ಮೂರಕ್ಕೂ ಅದೇ ಸವಾರ, ಅದೇ ಕುದುರೆ. ಮೊದಲನೆಯದು ಡ್ರೆಸಾಜ್. ಚೌಕಟ್ಟು ಹಾಕಿದ ಅಂಗಳದಲ್ಲಿ ಕುದುರೆ ಸವಾರನ ಮಾತು ಕೇಳಿ ಹೆಜ್ಜೆ ಹಾಕಬೇಕು. ಮಾತು ಅಂದ್ರೆ ಬಾಯಿಮಾತಲ್ಲ. ಕಾಲಿನ ಒತ್ತು, ಲಗಾಮಿನ ಸಣ್ಣ ಎಳೆತ, ಜೀನಿನ ಮೇಲೆ ಕೂತ ಭಾರ, ಅಷ್ಟೇ. ಎರಡನೆಯದು ಕ್ರಾಸ್ ಕಂಟ್ರಿ. ಬಯಲಲ್ಲಿ, ಇಳಿಜಾರಲ್ಲಿ, ನೀರಿನ ಹೊಂಡದಲ್ಲಿ ನಾಗಾಲೋಟ. ಅಡ್ಡ ಇಟ್ಟ ಮರದ ದಿಮ್ಮಿ, ಹಳ್ಳ, ಬೇಲಿ ಎಲ್ಲ ಹಾರಬೇಕು. ಮೂರನೆಯದು ಷೋ ಜಂಪಿಂಗ್. ಬಣ್ಣ ಬಳಿದ ಹಗುರ ಗಳುಗಳು. ಗೊರಸು ತಾಗಿ ಒಂದು ಗಳು ಬಿದ್ದರೂ 4 ಪೆನಾಲ್ಟಿ.

ಇಲ್ಲಿ ಅಂಕ ಗಳಿಸೋದಿಲ್ಲ, ತಪ್ಪಿನ ಲೆಕ್ಕ ಬರೀತಾರೆ. ಕಡಿಮೆ ಇದ್ದವರು ಗೆದ್ದರು. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಒಮ್ಮೆ ಹಾರಲ್ಲ ಅಂತ ನಿಂತರೆ 20 ಪೆನಾಲ್ಟಿ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಸವಾರ ಬಿದ್ದರೆ ಆಟ ಮುಗೀತು. ಮತ್ತೊಂದು ವಿಶೇಷ ಕೇಳಿ. ಒಲಿಂಪಿಕ್ಸ್‌ನಲ್ಲಿ ಗಂಡಸರಿಗೊಂದು ಪದಕ, ಹೆಂಗಸರಿಗೊಂದು ಪದಕ ಅಂತ ಈ ಆಟದಲ್ಲಿ ಇಲ್ಲ. ಎಲ್ಲರೂ ಒಂದೇ ಕಣ. ಟೋಕಿಯೊದಲ್ಲಿ ಇವೆಂಟಿಂಗ್ ವೈಯಕ್ತಿಕ ಚಿನ್ನ ಗೆದ್ದದ್ದು ಜರ್ಮನಿಯ ಯೂಲಿಯಾ ಕ್ರಯೆವ್‌ಸ್ಕಿ. ಈ ಚಿನ್ನ ಗೆದ್ದ ಮೊದಲ ಮಹಿಳೆ ಆಕೆ.

ಸರಿ, ಇದರಲ್ಲಿ ನಮ್ಮದೇನು ಅಂತ ಕೇಳ್ತೀರಿ. ನಮ್ಮದು ತುಂಬಾ ಇದೆ.

1982ರ ದೆಹಲಿ ಏಷ್ಯನ್ ಗೇಮ್ಸ್. ಸೇನೆಯ 61ನೇ ಕ್ಯಾವಲ್ರಿಯ ರಘುಬೀರ್ ಸಿಂಗ್, ಶಹಜಾದಾ ಅನ್ನೋ ಕುದುರೆ ಏರಿ ಇವೆಂಟಿಂಗ್‌ನಲ್ಲಿ ಚಿನ್ನ ಗೆದ್ದರು. ಬೆಳ್ಳಿ ಜಿ.ಎಂ. ಖಾನ್, ಕಂಚು ಪ್ರಹ್ಲಾದ್ ಸಿಂಗ್. ಮೂರೂ ಪದಕ ನಮ್ಮವೇ! ತಂಡದ ಚಿನ್ನವೂ ನಮ್ಮದೇ. ಆಮೇಲೆ? ಮುಂದಿನ ವೈಯಕ್ತಿಕ ಪದಕಕ್ಕೆ 36 ವರ್ಷ ಕಾಯಬೇಕಾಯ್ತು. 2018ರಲ್ಲಿ ಜಕಾರ್ತದಲ್ಲಿ ಆ ಬರ ನೀಗಿಸಿದ್ದು ನಮ್ಮ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ. ತಂದೆ ಹಸ್ನೈನ್ ಮಿರ್ಜಾ ಕುದುರೆಗಳ ವೈದ್ಯರು. ಸೆನ್ಯೋರ್ ಮೆಡಿಕಾಟ್ ಅನ್ನೋ ಕುದುರೆಯ ಮೇಲೆ ಕೇವಲ 26.40 ಪೆನಾಲ್ಟಿ, ಬೆಳ್ಳಿ. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆ ತಂಡಕ್ಕೂ ಬೆಳ್ಳಿ.

ಮೂರು ವರ್ಷದ ಮೇಲೆ ಟೋಕಿಯೊ. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಆಡಿದ ಮೇಲೆ ಒಲಿಂಪಿಕ್ಸ್ ಇವೆಂಟಿಂಗ್‌ನಲ್ಲಿ ಭಾರತದವರು ಯಾರೂ ಇರಲಿಲ್ಲ. ಮಿರ್ಜಾ ಇಳಿದರು. ಡ್ರೆಸಾಜ್‌ನಲ್ಲಿ 28.00, ಒಂಬತ್ತನೇ ಸ್ಥಾನ. ಕ್ರಾಸ್ ಕಂಟ್ರಿಯಲ್ಲಿ ಒಂದು ಅಡೆತಡೆಗೂ ಕುದುರೆ ನಿಲ್ಲಲಿಲ್ಲ, ಆದರೆ 28 ಸೆಕೆಂಡು ತಡವಾಯ್ತು. 28 ಸೆಕೆಂಡಿಗೆ 11.20 ಪೆನಾಲ್ಟಿ. ಒಂಬತ್ತರಿಂದ ಇಪ್ಪತ್ತೆರಡಕ್ಕೆ ಇಳಿದರು. ನಾವು ಸಿಗ್ನಲ್‌ನಲ್ಲಿ ಹಾರ್ನ್ ಹೊಡೆಯೋ ಅಷ್ಟು ಹೊತ್ತು, ಅಷ್ಟೇ. ಆದರೂ ಫೈನಲ್‌ಗೆ ಹೋಗಿ 23ನೇ ಸ್ಥಾನ ಪಡೆದರು.

ಇದೆಲ್ಲ ಪದಕದ ದಿನದ ಸುದ್ದಿ. ನಾನು ಹೇಳೋಕೆ ಹೊರಟಿದ್ದು ಅದರ ಹಿಂದಿನ ಮಾತು.

ಈ ಆಟದಲ್ಲಿ ಸವಾರನ ಹತ್ತಿರ ಒಂದೇ ಕುದುರೆ ಇದ್ದರೆ ನಡೆಯೋಲ್ಲ. ಒಂದು ತಂಡವೇ ಬೇಕು. ದೊಡ್ಡ ಕಣ ಕಂಡ ಹಿರಿಯ ಕುದುರೆ ಒಂದು, ಅದರ ಹಿಂದೆ ತಯಾರಾಗ್ತಿರೋದು ಒಂದು, ಈಗಷ್ಟೇ ಹಾರೋದು ಕಲೀತಿರೋ ಮರಿ ಒಂದು. ಯಾಕೆ ಗೊತ್ತಾ? ಮಿರ್ಜಾ ಕಥೆಯನ್ನೇ ತಗೊಳ್ಳಿ. ಜಕಾರ್ತದಲ್ಲಿ ಬೆಳ್ಳಿ ತಂದ ಮೆಡಿಕಾಟ್ ಆಮೇಲೆ ಗಾಯಗೊಂಡು ದೀರ್ಘಕಾಲ ಲಾಯದಲ್ಲೇ ಉಳೀತು. ಒಲಿಂಪಿಕ್ಸ್ ಟಿಕೆಟ್‌ಗೆ ಬೇಕಾದ ಅಂಕ ದುಡಿದು ಕೊಟ್ಟಿದ್ದು ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್ ಅನ್ನೋ ಬೇರೆ ಎರಡು ಕುದುರೆಗಳು. ಟೋಕಿಯೊಗೆ ಅಂತ ಮೊದಲು ಹೆಸರು ಕೊಟ್ಟಿದ್ದು ದಜಾರಾ ಅನ್ನೋ ಇನ್ನೊಂದನ್ನು. ಕೊನೆಗೆ ಕಣಕ್ಕೆ ಇಳಿದಿದ್ದು ಚೇತರಿಸಿಕೊಂಡ ಮೆಡಿಕಾಟ್. ಅಂದ್ರೆ, ನಾವು ಟಿವಿಯಲ್ಲಿ ನೋಡಿದ್ದು ಒಂದು ಕುದುರೆ, ಅದರ ಹಿಂದೆ ಇದ್ದಿದ್ದು ಇನ್ನೂ ಮೂರು.

ಅಲ್ಲದೆ ಇಲ್ಲಿ ಅರ್ಹತೆ ಸಿಗೋದು ಜೋಡಿಗೆ. ಈ ಸವಾರ, ಈ ಕುದುರೆ, ಇಬ್ಬರೂ ಸೇರಿ ಅರ್ಹತೆ ಗಳಿಸಬೇಕು. ಕುದುರೆಯ ಕಾಲು ಉಳುಕಿತೋ, ಸವಾರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಮನೆಯಲ್ಲಿ ಕೂರಬೇಕು.

ಆ ಕಾಲಿನ ವಿಚಾರ ಸ್ವಲ್ಪ ಕೇಳಿ. ಅಕ್ಟೋಬರ್‌ಗೆ ಸೀಸನ್ ಮುಗಿದ ಮೇಲೆ ಇವಕ್ಕೆ ರಜೆ. ಲಾಳ ಬಿಚ್ಚಿ ಹುಲ್ಲುಗಾವಲಿಗೆ ಬಿಡ್ತಾರೆ. ಕೆಸರಲ್ಲಿ ಹೊರಳಾಡಿ, ಮೈತುಂಬ ಕೂದಲು ಬೆಳೆಸಿಕೊಂಡು, ಹೊಟ್ಟೆ ಬಿಟ್ಟುಕೊಂಡು ಇರ್ತವೆ. ಹೊಸ ವರ್ಷಕ್ಕೆ ಮತ್ತೆ ಕೆಲಸ. ಮೊದಲ ವಾರಗಳಲ್ಲಿ ಬರೀ ನಡಿಗೆ. ಓಟ ಇಲ್ಲ, ಹಾರಾಟ ಇಲ್ಲ. ಗಟ್ಟಿ ರಸ್ತೆ ಮೇಲೆ ದಿನಾ ನಡೆಸ್ತಾರೆ. ಆಮೇಲೆ ಏರಿನಲ್ಲಿ ಕುಕ್ಕೋಟ. ಆಮೇಲೆ ಸ್ವಲ್ಪ ದೌಡು, ಸ್ವಲ್ಪ ವಿರಾಮ, ಮತ್ತೆ ದೌಡು.

ಇಷ್ಟು ನಿಧಾನ ಯಾಕೆ? ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ ಸುಮಾರು 28ರಿಂದ 44 ಸಲ ಬಡಿಯುತ್ತೆ. ನಾಗಾಲೋಟದಲ್ಲಿ ಅದು 200 ದಾಟುತ್ತೆ. ಆ ಎದೆ, ಆ ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಬಿಡ್ತವೆ. ಆದರೆ ಮೂಳೆ, ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಕುದುರೆಯ ಮೊಣಕಾಲ ಕೆಳಗೆ ಮಾಂಸಖಂಡವೇ ಇಲ್ಲ, ಬರೀ ಮೂಳೆ ಮತ್ತು ರಜ್ಜು. ಆ ಹುರಿ ಒಮ್ಮೆ ಹರಿದರೆ ವಾಸಿಯಾಗೋಕೆ ಒಂದು ವರ್ಷವೇ ಹಿಡೀಬಹುದು. ಅಂದ್ರೆ ಎದೆ ಓಡು ಅನ್ನುತ್ತೆ, ಕಾಲು ತಾಳು ಅನ್ನುತ್ತೆ. ಕಾಲಿನ ಮಾತು ಕೇಳೋನೇ ಒಳ್ಳೆ ಸವಾರ.

ಆ ಮಾತನ್ನು ಮೊದಲು ಕೇಳಿಸಿಕೊಳ್ಳೋದು ಸವಾರನೂ ಅಲ್ಲ, ವೈದ್ಯರೂ ಅಲ್ಲ. ಲಾಯದಲ್ಲಿ ಕೆಲಸ ಮಾಡೋ ಸೈಸ್. ಬೆಳಿಗ್ಗೆ ಎದ್ದು ನಾಲ್ಕೂ ಕಾಲನ್ನು ಅಂಗೈಯಿಂದ ಸವರಿ ನೋಡ್ತಾನೆ. ನಿನ್ನೆಗಿಂತ ಒಂದು ಕಡೆ ಬಿಸಿ ಇದೆಯಾ? ಊತ ಇದೆಯಾ? ಮೇವು ಉಳಿಸಿದೆಯಾ? ಆ ಅಂಗೈಗೆ ಒಂದು ಬೆಚ್ಚಗಿನ ಸುಳಿವು ಸಿಕ್ಕರೆ ಆ ದಿನದ ಓಟ ರದ್ದು. ಪದಕದ ಫೋಟೋದಲ್ಲಿ ಆ ಅಂಗೈ ಕಾಣೋದಿಲ್ಲ.

ಕೊನೆಯ ದಿನ ಬೆಳಿಗ್ಗೆ ಇನ್ನೊಂದು ಪರೀಕ್ಷೆ ಇದೆ. ಕ್ರಾಸ್ ಕಂಟ್ರಿ ಓಡಿದ ಮರುದಿನ ಸವಾರ ಕೆಳಗಿಳಿದು, ಕುದುರೆಯನ್ನು ಕೈಯಲ್ಲಿ ಹಿಡಿದು, ತೀರ್ಪುಗಾರರು ಮತ್ತು ವೈದ್ಯರ ಮುಂದೆ ಓಡಿಸಬೇಕು. ಹೆಜ್ಜೆ ಸ್ವಲ್ಪ ಕುಂಟಿದರೂ ಮೊದಲ ಸ್ಥಾನದಲ್ಲಿರೋ ಕುದುರೆಯೂ ಮನೆಗೆ. ಆ ನಿಯಮ ಯಾಕಿದೆ ಅಂತ ಟೋಕಿಯೊ ನೋಡಿದವರಿಗೆ ಗೊತ್ತು. ಸ್ವಿಟ್ಜರ್ಲೆಂಡಿನ ರಾಬಿನ್ ಗೊಡೆಲ್ ಸವಾರಿ ಮಾಡ್ತಿದ್ದ ಜೆಟ್ ಸೆಟ್ ಕ್ರಾಸ್ ಕಂಟ್ರಿಯಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡಿತು. ವಾಸಿಯಾಗದ ಗಾಯ. ಅದಕ್ಕೆ ದಯಾಮರಣ ಕೊಡಬೇಕಾಯ್ತು. ಸೋತರೆ ಸವಾರನಿಗೆ ಮುಂದಿನ ಸೀಸನ್ ಇರುತ್ತೆ. ಕುದುರೆಗೆ ಕೆಲವೊಮ್ಮೆ ಅದೂ ಇರೋದಿಲ್ಲ.

ಈಗ ಅಸಲು ಪ್ರಶ್ನೆಗೆ ಬರ್ತೀನಿ. ಬೆಂಗಳೂರಿನ ಹುಡುಗ ಜರ್ಮನಿಯಲ್ಲಿ ಯಾಕೆ ತರಬೇತಿ ತಗೊಂಡ? ಯುರೋಪಿನ ಕುದುರೆಯನ್ನೇ ಯಾಕೆ ಏರಿದ? 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ನಮ್ಮ ನಾಲ್ವರೂ ಯುರೋಪಿನಲ್ಲೇ ನೆಲೆಸಿ ತಯಾರಾದವರು. ಯಾಕೆ? ಅಲ್ಲಿ ಒಳ್ಳೆಯ ಕೋಚ್ ಇದ್ದಾರೆ, ಸ್ಪರ್ಧೆ ಹೆಚ್ಚು, ನಿಜ. ಆದರೆ ಇನ್ನೊಂದು ಕಾರಣ ಇದೆ. ರೋಗ.

ಕುದುರೆಗೂ ಪಾಸ್‌ಪೋರ್ಟ್ ಇರುತ್ತೆ, ಮೈಕ್ರೋಚಿಪ್ ಇರುತ್ತೆ. ಆದರೆ ಅದರ ದೇಶದಲ್ಲಿ ಗ್ಲ್ಯಾಂಡರ್ಸ್‌ನಂಥ ರೋಗ ಇದ್ದರೆ ಬೇರೆ ದೇಶಗಳು ಸುಲಭಕ್ಕೆ ಬಾಗಿಲು ತೆಗೆಯೋದಿಲ್ಲ. ಇದು ನಮಗೆ ಮಾತ್ರ ಬಂದ ಕಷ್ಟ ಅಲ್ಲ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ನಡೆದಾಗ ಆಸ್ಟ್ರೇಲಿಯಾದ ಕ್ವಾರಂಟೈನ್ ನಿಯಮ ಬಿಗಿ ಇದ್ದಿದ್ದಕ್ಕೆ ಕುದುರೆ ಸ್ಪರ್ಧೆಗಳನ್ನು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮಾಡಿದರು. ಬೇರೆ ಖಂಡದಲ್ಲಿ! 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆಗಳು ಓಡಿದ್ದು ಹಾಂಗ್‌ಕಾಂಗ್‌ನಲ್ಲಿ. ಆದರೆ ಚೀನಾ ಅಲ್ಲಿಗೇ ಕೈಚೆಲ್ಲಲಿಲ್ಲ. 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ರೋಗಮುಕ್ತ ವಲಯವನ್ನೇ ಕಟ್ಟಿ ತೋರಿಸಿತು.

ನಾವು? ತಡವಾಗಿಯಾದರೂ ಒಂದು ಹೆಜ್ಜೆ ಇಟ್ಟಿದ್ದೀವಿ. ಮೀರತ್ ಕಂಟೋನ್ಮೆಂಟ್‌ನಲ್ಲಿ ಸೇನೆಯ ರಿಮೌಂಟ್ ವೆಟರಿನರಿ ಕೋರ್‌ನ ಕೇಂದ್ರ ಇದೆ. ಅಲ್ಲಿ ಕುದುರೆಗಳಿಗಾಗಿ ರೋಗಮುಕ್ತ ಆವರಣ ಮಾಡಿದ್ದಾರೆ. ಗ್ಲ್ಯಾಂಡರ್ಸ್ ಸೇರಿ ಐದು ರೋಗಗಳಿಂದ ಮುಕ್ತ ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. ಇಲ್ಲೇ ಪಳಗಿದ ಕುದುರೆ, ಇಲ್ಲಿನ ಸೈಸ್ ಸಾಕಿದ ಕುದುರೆ ಹೊರದೇಶಕ್ಕೆ ಹೋಗಿ ಸ್ಪರ್ಧಿಸೋ ದಾರಿ ಈಗ ಸ್ವಲ್ಪ ತೆರೆದಿದೆ. ಆಯಾ ದೇಶದ ಒಪ್ಪಂದ, ಕ್ವಾರಂಟೈನ್ ಎಲ್ಲ ಇನ್ನೂ ಇದ್ದೇ ಇದೆ. ಆದರೆ ಬಾಗಿಲಿಗೆ ಕೀಲಿಕೈ ಸಿಕ್ಕಿದೆ.

ಇದು ದುಡ್ಡಿದ್ದವರ ಆಟ, ನಮಗ್ಯಾಕೆ ಅನ್ನೋರಿಗೆ ಎರಡು ಮಾತು. ಒಂದು, 1982ರಲ್ಲಿ ಚಿನ್ನ ತಂದ ರಘುಬೀರ್ ಸಿಂಗ್ ರಾಜಮನೆತನದವರಲ್ಲ, ಸೇನೆಯ ದಫೇದಾರ್. ಎರಡು, ಗ್ಲ್ಯಾಂಡರ್ಸ್ ಶ್ರೀಮಂತರ ಲಾಯ ಹುಡುಕಿಕೊಂಡು ಬರೋದಿಲ್ಲ. ಜಟಕಾ ಎಳೆಯೋ ಕುದುರೆಗೆ, ಇಟ್ಟಿಗೆ ಗೂಡಿನ ಹೇಸರಗತ್ತೆಗೆ, ಮದುವೆ ಮೆರವಣಿಗೆಯ ಬಿಳಿ ಕುದುರೆಗೂ ಬರುತ್ತೆ. ಮನುಷ್ಯರಿಗೂ ಅಂಟಬಹುದು. ಅದಕ್ಕೆ ಲಸಿಕೆ ಇಲ್ಲ. ರೋಗ ಇದೆ ಅಂತ ಖಚಿತವಾದರೆ ಆ ಪ್ರಾಣಿಯನ್ನು ಕೊಲ್ಲಲೇಬೇಕು. ಜಟಕಾದವನ ಮನೆಯಲ್ಲಿ ಕುದುರೆ ಸತ್ತರೆ ಒಲೆಯೂ ಆರಿದಂತೆ. ಒಲಿಂಪಿಕ್ಸ್ ಕುದುರೆಗೆ ಅಂತ ರೋಗ ಪತ್ತೆ ಮಾಡೋ ವ್ಯವಸ್ಥೆ ಬಲವಾದರೆ, ಅದರ ಲಾಭ ಆ ಒಲೆಗೂ ತಲುಪಬೇಕು. ತಲುಪಿಸೋದು ಸರ್ಕಾರದ ಕೆಲಸ.

ಹಾಗಾದ್ರೆ ಮೀರತ್ ಒಂದೇ ಸಾಕಾ? ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಸವಾರಿ ಶಾಲೆಗಳಿವೆ, ಪಶುವೈದ್ಯಕೀಯ ಕಾಲೇಜಿದೆ, ಸೇನೆಯ ಸವಾರರಿದ್ದಾರೆ, ಒಲಿಂಪಿಕ್ಸ್ ಫೈನಲ್ ಕಂಡ ಊರಿನ ಮಗ ಇದ್ದಾನೆ. ಇಂಥ ರೋಗಮುಕ್ತ ಆವರಣ ಕರ್ನಾಟಕದಲ್ಲಿ ಒಂದು ಯಾಕಾಗಬಾರದು? ಪಶುಸಂಗೋಪನಾ ಸಚಿವರಿಗೆ, ಕ್ರೀಡಾ ಸಚಿವರಿಗೆ ನಾನು ಕೇಳ್ತಿರೋದು ಇಷ್ಟೇ. ಶಾಸಕರನ್ನು ಬಸ್ಸಿನಲ್ಲಿ ಕೂರಿಸಿ ರೆಸಾರ್ಟ್‌ಗೆ ಕಳಿಸೋಕೆ ನಮ್ಮ ಪಕ್ಷಗಳಿಗೆ ಒಂದೇ ರಾತ್ರಿ ಸಾಕು. ಒಂದು ಕುದುರೆಯನ್ನು ಗೌರವವಾಗಿ ವಿಮಾನ ಹತ್ತಿಸೋಕೆ ಇನ್ನೆಷ್ಟು ವರ್ಷ ಬೇಕು?

ಸೆಪ್ಟೆಂಬರ್‌ನಲ್ಲಿ ಪದಕ ಬಂದರೆ ಎಲ್ಲರೂ ನೋಡ್ತಾರೆ, ನಾವೂ ಬ್ರೇಕಿಂಗ್ ಹಾಕ್ತೀವಿ. ನೀವು ಈ ಆಟವನ್ನು ಈಗಿನಿಂದಲೇ ನೋಡಿ. ಅಂಕಪಟ್ಟಿ ನೋಡೋ ಮುಂಚೆ ಕೊನೆಯ ದಿನ ಬೆಳಗಿನ ಆ ಹತ್ತು ಹೆಜ್ಜೆಯ ಓಟ ನೋಡಿ. ಕುದುರೆ ಕುಂಟದೆ ಓಡಿತು ಅಂದ್ರೆ, ಎಲ್ಲೋ ಒಂದು ಲಾಯದಲ್ಲಿ ಯಾರೋ ತಿಂಗಳುಗಟ್ಟಲೆ ಅವಸರ ಮಾಡದೆ ಕೆಲಸ ಮಾಡಿದ್ದಾರೆ ಅಂತ ಅರ್ಥ.