ದಿನಸಿ ಚೀಟಿ ಯಾರದು?

ದತ್ತಿ ಉಪನ್ಯಾಸ, ವಿಜಯನಗರ, ಮೈಸೂರು



ಬೆಲೆಯೇರಿಕೆಯ ಬಗ್ಗೆ ಮಾತಾಡುತ್ತೇನೆ ಎಂದು ನಾನು ಹೇಳಿದಾಗ ಸಂಘಟಕರು ಸ್ವಲ್ಪ ಹಿಂಜರಿದರು. ಸಾಹಿತ್ಯವೋ ಸಂಗೀತವೋ ಆಗಿದ್ದರೆ ಚೆನ್ನಾಗಿತ್ತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ದತ್ತಿ ಎಂಬ ಏರ್ಪಾಟಿಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ಒಬ್ಬರು ಒಂದಿಷ್ಟು ಅಸಲನ್ನು ಠೇವಣಿ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಹಾರ, ಎಲ್ಲರಿಗೂ ಕಾಫಿ. ಅಸಲನ್ನು ಯಾರೂ ಮುಟ್ಟುವುದೂ ಇಲ್ಲ, ಬೆಲೆಯೇರಿಕೆಯೊಂದನ್ನು ಬಿಟ್ಟು.

1982ರಲ್ಲಿ ಯಾರೋ ಒಬ್ಬರು 5,000 ರೂಪಾಯಿ ದತ್ತಿ ಇಟ್ಟರು ಎಂದುಕೊಳ್ಳೋಣ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಕೇಂದ್ರ ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರಿಗಾಗಿ ಗ್ರಾಹಕ ಬೆಲೆ ಸೂಚ್ಯಂಕವೊಂದನ್ನು ತಿಂಗಳು ತಿಂಗಳೂ ಹೊರಡಿಸುತ್ತದೆ. ಅದರ ಆಧಾರ ವರ್ಷ ಮೊದಲು 1960 ಇತ್ತು, ಆಮೇಲೆ 1982, ಆಮೇಲೆ 2001, ಈಗ 2016. ಪ್ರತಿ ಸಲ ಹೊಸ ಸರಣಿ ಶುರುವಾದಾಗ ಹಳೆಯದನ್ನು ಹೊಸದಕ್ಕೆ ಜೋಡಿಸಲು ಒಂದು ಗುಣಕ ಕೊಡುತ್ತಾರೆ. 1982ರ ಸರಣಿಯಿಂದ 2001ಕ್ಕೆ 4.63, 2001ರಿಂದ 2016ಕ್ಕೆ 2.88. 2025ರ ಸೆಪ್ಟೆಂಬರಿನ ಅಖಿಲ ಭಾರತ ಸೂಚ್ಯಂಕ 147.3. ಈ ಮೂರನ್ನೂ ಗುಣಿಸಿ, ನೂರರಿಂದ ಭಾಗಿಸಿ ನೋಡಿ: 1982ರ 5,000 ರೂಪಾಯಿಯ ಜಾಗದಲ್ಲಿ ಇಂದು ಸುಮಾರು 98,000 ರೂಪಾಯಿ ಇರಬೇಕು. ಬ್ಯಾಂಕಿನಲ್ಲಿರುವುದು ಮಾತ್ರ ಅದೇ 5,000. ಅದರ ಒಂದು ವರ್ಷದ ಬಡ್ಡಿಯಲ್ಲಿ ಈ ಸಭೆಗೆ ಕಾಫಿ ಕೊಡುವುದೂ ಕಷ್ಟ. ಇನ್ನೂ ಹಿಂದಕ್ಕೆ, 1960ಕ್ಕೆ ಹೋದರೆ ಮತ್ತೊಂದು 4.93 ಸೇರುತ್ತದೆ. ಅಂದಿನ ಒಂದು ರೂಪಾಯಿಯ ಸಾಮಾನಿಗೆ ಇಂದು 97 ರೂಪಾಯಿ.

ಹೀಗೆ ಲೆಕ್ಕ ಹೇಳಿದ ಕೂಡಲೇ ಒಂದು ತಕರಾರು ಏಳಬೇಕು. ಯಾವ ಸಾಮಾನು? ಯಾರ ಮನೆಯದು? ನನ್ನ ಮಾತೆಲ್ಲ ಈ ತಕರಾರಿನ ಬಗ್ಗೆಯೇ.

ಸೂಚ್ಯಂಕವೆಂದರೆ ಒಂದು ದಿನಸಿ ಚೀಟಿ. ತಿಂಗಳ ಮೊದಲ ವಾರ ಅಂಗಡಿಗೆ ಕೊಡುತ್ತೇವಲ್ಲ, ಅಂಥದ್ದೇ. ಒಂದು ವ್ಯತ್ಯಾಸವೆಂದರೆ ಅದರಲ್ಲಿ ಅಕ್ಕಿ ಬೇಳೆಯ ಜೊತೆಗೆ ಮನೆ ಬಾಡಿಗೆ, ಬಸ್ ಚಾರ್ಜು, ಶಾಲೆ ಫೀಜು, ಮಾತ್ರೆ, ಕಟಿಂಗ್ ಶಾಪಿನ ಖರ್ಚು ಎಲ್ಲವೂ ಇರುತ್ತವೆ. ಮೊದಲು ಸಾವಿರಾರು ಮನೆಗಳಿಗೆ ಹೋಗಿ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿ ಚೀಟಿಯನ್ನು ನಿಗದಿ ಮಾಡುತ್ತಾರೆ. ಹೆಚ್ಚು ಖರ್ಚಿನ ಬಾಬ್ತಿಗೆ ಹೆಚ್ಚು ತೂಕ. ಆಮೇಲೆ ಚೀಟಿಯನ್ನು ಬದಲಿಸದೆ ಬೆಲೆಯನ್ನಷ್ಟೇ ವಿಚಾರಿಸುತ್ತಾ ಹೋಗುತ್ತಾರೆ. ಗೊತ್ತುಪಡಿಸಿದ ಮಾರುಕಟ್ಟೆ, ಗೊತ್ತುಪಡಿಸಿದ ಅಂಗಡಿ, ಗೊತ್ತುಪಡಿಸಿದ ದರ್ಜೆಯ ಸರಕು. 19ನೇ ಶತಮಾನದ ಜರ್ಮನ್ ಅರ್ಥಶಾಸ್ತ್ರಜ್ಞ ಲಾಸ್ಪೇರ್ ಹಾಕಿಕೊಟ್ಟ ದಾರಿ ಇದು.

ಕೇಳುವುದಕ್ಕೆ ಸುಲಭ, ಮಾಡುವುದು ಕಷ್ಟ. ನಿಮಗೆಲ್ಲ ಗೊತ್ತಿರುವ ಹಾಲಿನ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 42 ರೂಪಾಯಿ ಇತ್ತು. 2024ರ ಜೂನ್ ಕೊನೆಯಲ್ಲಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ತುಂಬಿಸಿ ಎರಡು ರೂಪಾಯಿ ಏರಿಸಿದರು. 1,050 ಮಿಲಿಗೆ 44. ಬೆಲೆ ಏರಿತು ಎಂದು ಬೀದಿಯಲ್ಲೆಲ್ಲ ಗಲಾಟೆ. ಭಾಗಿಸಿ ನೋಡಿದರೆ ಲೀಟರಿನ ಬೆಲೆ 41 ರೂಪಾಯಿ 90 ಪೈಸೆ. ಅಂದರೆ ಏರಿಯೇ ಇರಲಿಲ್ಲ! ಬೇಡದಿದ್ದರೂ 50 ಮಿಲಿ ಕೊಳ್ಳಬೇಕಾಯಿತು, ಅಷ್ಟೆ. ಮುಂದೆ 2025ರ ಏಪ್ರಿಲ್ 1ರಿಂದ ಆ 50 ಮಿಲಿಯನ್ನು ವಾಪಸ್ ತೆಗೆದು, ಲೀಟರಿಗೆ 46 ಮಾಡಿದರು. ಈಗ ಪ್ಯಾಕೆಟ್ಟಿನ ಮೇಲೆ ಕಂಡದ್ದು ಎರಡೇ ರೂಪಾಯಿಯ ಏರಿಕೆ. ನಿಜವಾದ ಏರಿಕೆ ಲೀಟರಿಗೆ ನಾಲ್ಕು ರೂಪಾಯಿಗಿಂತ ಒಂದು ಹತ್ತು ಪೈಸೆ ಜಾಸ್ತಿಯೇ, ಶೇಕಡಾ ಹತ್ತರ ಹತ್ತಿರ. ಬೆಲೆ ಬರೆದುಕೊಳ್ಳಲು ಬಂದವರು ಪ್ಯಾಕೆಟ್ಟಿನ ಬೆಲೆ ಬರೆದರೆ ಎರಡು ಸಲವೂ ತಪ್ಪು. ಅಳತೆಯನ್ನೂ ಬರೆದರೆ ಎರಡು ಸಲವೂ ಸರಿ. ಬಿಸ್ಕತ್ತಿನ ಪೊಟ್ಟಣ, ಸೋಪು, ಟೂತ್‌ಪೇಸ್ಟು ಇವುಗಳದ್ದೂ ಇದೇ ಕತೆ. ಹತ್ತು ರೂಪಾಯಿಯನ್ನು ಹತ್ತೇ ಇಟ್ಟು ಒಳಗಿನ ಗ್ರಾಮನ್ನು ಕರಗಿಸುವುದರಲ್ಲಿ ನಮ್ಮ ಕಂಪನಿಗಳು ಪಳಗಿವೆ.

ಸರ್ಕಾರ ಒಂದೇ ಸೂಚ್ಯಂಕ ಹೊರಡಿಸುವುದಿಲ್ಲ. ಪತ್ರಿಕೆಯ ಮೊದಲ ಪುಟದಲ್ಲಿ ಹಣದುಬ್ಬರ ಎಂದು ಬರುವುದು, ರಿಸರ್ವ್ ಬ್ಯಾಂಕು ಶೇಕಡಾ 4ರ ಗುರಿ ಇಟ್ಟು, ಮೇಲಕ್ಕೆ ಎರಡು ಕೆಳಕ್ಕೆ ಎರಡು ಅಂತರ ಬಿಟ್ಟು ಕಾಯುವುದು, ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸೂಚ್ಯಂಕವನ್ನು. ಅದು 2011ರ ಜನವರಿಯಿಂದ ಬಂದದ್ದು. ಗ್ರಾಮೀಣ, ನಗರ, ಎರಡೂ ಸೇರಿದ್ದು ಎಂದು ಮೂರು ರೂಪ. 2012ರ ಸರಣಿಗೆ 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದಲೂ 1,181 ಹಳ್ಳಿಗಳಿಂದಲೂ ಬೆಲೆ ಬರುತ್ತಿತ್ತು. ಮೊದಮೊದಲು ಹಳ್ಳಿಗಳಲ್ಲಿ ಬೆಲೆ ವಿಚಾರಿಸುವ ಕೆಲಸ ಅಂಚೆ ಇಲಾಖೆಯದಾಗಿತ್ತು. ಕಾಗದ ಕೊಟ್ಟು ಹೋಗಬೇಕಾದ ಪೋಸ್ಟಿನವರು ಅಂಗಡಿಯ ಮುಂದೆ ನಿಂತು ಉದ್ದಿನಬೇಳೆ ಕೇಜಿಗೆ ಎಷ್ಟಪ್ಪಾ ಎಂದು ಕೇಳುವ ಚಿತ್ರ ನನಗೆ ಬಹಳ ಇಷ್ಟ. ದೇಶದ ಬಡ್ಡಿ ದರದ ಒಂದು ತುದಿ ಅಲ್ಲಿತ್ತು.

ಆ ಸರಣಿಯ ಗ್ರಾಮೀಣ ಚೀಟಿಯಲ್ಲಿ ಆಹಾರ ಪಾನೀಯದ ತೂಕ ನೂರಕ್ಕೆ 54.18 ಇತ್ತು. ನಗರದ ಚೀಟಿಯಲ್ಲಿ 36.29. ತರಕಾರಿ ಒಂದನ್ನೇ ತೆಗೆದುಕೊಂಡರೆ ಹಳ್ಳಿಯಲ್ಲಿ 7.46, ನಗರದಲ್ಲಿ 4.41. 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿದ್ದು ನೆನಪಿರಬೇಕು. ಆ ತಿಂಗಳು ತರಕಾರಿಯ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 37ರಷ್ಟು ಹೆಚ್ಚಿತ್ತು, ಒಟ್ಟು ಹಣದುಬ್ಬರ 7.44ಕ್ಕೆ ಏರಿತು. ಟೊಮೆಟೊದ ಬಿಸಿ ವಿಜಯನಗರಕ್ಕಿಂತ ಇಲವಾಲದಾಚೆಯ ಹಳ್ಳಿಯ ಮನೆಗೆ ಹೆಚ್ಚು ತಟ್ಟುತ್ತದೆ ಎಂದು ಈ ತೂಕಗಳೇ ಹೇಳುತ್ತವೆ. ತರಕಾರಿ ಬೆಳೆಯುವುದು ಹಳ್ಳಿಯಲ್ಲಲ್ಲವೇ ಎಂದು ಕೇಳಬಹುದು. ಬೆಳೆಯುವವರು ಕೆಲವರು, ಕೊಳ್ಳುವವರು ಎಲ್ಲರೂ.

ಇನ್ನು ಬಾಡಿಗೆ. 2012ರ ಸರಣಿಯ ನಗರದ ಚೀಟಿಯಲ್ಲಿ ವಸತಿಗೆ 21.67 ತೂಕವಿತ್ತು. ಗ್ರಾಮೀಣ ಚೀಟಿಯಲ್ಲಿ ವಸತಿಯೇ ಇರಲಿಲ್ಲ! ಬಾಡಿಗೆಯನ್ನು ತಿಂಗಳಿಗೊಮ್ಮೆ ಕೇಳುತ್ತಲೂ ಇರಲಿಲ್ಲ. ಒಂದು ಮನೆಯನ್ನು ಆರು ತಿಂಗಳಿಗೊಮ್ಮೆ ವಿಚಾರಿಸುತ್ತಿದ್ದರು. ಬಾಡಿಗೆ ಟೊಮೆಟೊದ ಹಾಗೆ ಕುಣಿಯುವುದಿಲ್ಲ, ಹನ್ನೊಂದು ತಿಂಗಳ ಕರಾರು ಮುಗಿದಾಗ ಒಂದು ಮೆಟ್ಟಿಲು ಏರುತ್ತದೆ. ಆದರೆ ನಮ್ಮ ವಿಜಯನಗರದ ನಾಲ್ಕನೇ ಹಂತದಲ್ಲಿ ಹೊಸ ಬಾಡಿಗೆದಾರರಿಗೆ ಹೇಳುವ ಮೊತ್ತಕ್ಕೂ ಐದು ವರ್ಷದಿಂದ ಇರುವವರು ಕೊಡುತ್ತಿರುವ ಮೊತ್ತಕ್ಕೂ ಎಷ್ಟು ಅಂತರವಿದೆ ಎಂದು ಮನೆ ಮಾಲೀಕರೇ ಹೇಳಬಲ್ಲರು. ಸೂಚ್ಯಂಕಕ್ಕೆ ಸಿಗುವುದು ಇವೆರಡರ ಸರಾಸರಿ. ಈಗಷ್ಟೇ ಮನೆ ಹುಡುಕುತ್ತಿರುವ ಹುಡುಗನಿಗೆ ಆ ಸರಾಸರಿಯಿಂದ ಏನೂ ಪ್ರಯೋಜನವಿಲ್ಲ.

ಒಮ್ಮೆ ನಮ್ಮ ಪಕ್ಕದ ಬೀದಿಯವರೊಬ್ಬರು ಪತ್ರಿಕೆ ಹಿಡಿದುಕೊಂಡೇ ಬಂದರು. "ಏನ್ ಸಾರ್ ಇದು, ಅಕ್ಟೋಬರ್‌ನಲ್ಲಿ ಹಣದುಬ್ಬರ ಕಾಲು ಪರ್ಸೆಂಟಂತೆ. ನಮ್ಮನೇಲಿ ತೆಂಗಿನಕಾಯಿ ಒಡೆಯೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ತಾ ಇದೀವಿ." ಅವರೂ ಸರಿ, ಪತ್ರಿಕೆಯೂ ಸರಿ. 2025ರ ಅಕ್ಟೋಬರಿನ 0.25 ಆ 2012ರ ಸರಣಿಯಲ್ಲೇ ಅತಿ ಕಡಿಮೆ. ಅದು ಹಿಂದಿನ ಅಕ್ಟೋಬರಿನ ಜೊತೆಗಿನ ಹೋಲಿಕೆ. ಆ ಹಿಂದಿನ ಅಕ್ಟೋಬರಿನಲ್ಲಿ ಹಣದುಬ್ಬರ 6.21 ಇತ್ತು, ತರಕಾರಿ ಗಗನದಲ್ಲಿತ್ತು. ಎತ್ತರದಲ್ಲಿ ನಿಂತವನು ಇನ್ನೂ ಕಾಲಿಂಚು ಏರಿದ್ದಾನೆ ಎಂದರೆ ಕೆಳಗಿಳಿದಿದ್ದಾನೆ ಎಂದಲ್ಲ. ಅದೂ ಅಲ್ಲದೆ ಅವರ ಮನೆಯಲ್ಲಿ ಕಾಯಿಗೆ ಇರುವ ತೂಕ ಬಿಹಾರದ ಮನೆಯಲ್ಲಿ ಇಲ್ಲ.

ಕಾಯಿಯ ಮಾತು ಬಂದದ್ದರಿಂದ ಗಡಿ ದಾಟೋಣ. ಇಲ್ಲಿಂದ ಗುಂಡ್ಲುಪೇಟೆ, ಬಂಡೀಪುರ ಹಾದು ಮುತ್ತಂಗಕ್ಕೆ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೆ ಕೇರಳದ ವಯನಾಡು. ನಮ್ಮ ತರಕಾರಿ ಲಾರಿಗಳು ದಿನವೂ ಓಡಾಡುವ ದಾರಿ. 2025ರ ಸೆಪ್ಟೆಂಬರ್ ತಿಂಗಳಿಗೆ ಮೊದಲು ಪ್ರಕಟವಾದ ಅಂಕಿಗಳ ಪ್ರಕಾರ ದೇಶದ ಹಣದುಬ್ಬರ 1.54; ಕರ್ನಾಟಕದ್ದು 3.33, ಕೇರಳದ್ದು 9.05! ಒಂದೇ ದೇಶ, ಒಂದೇ ರೂಪಾಯಿ, ಒಂದೇ ರಿಸರ್ವ್ ಬ್ಯಾಂಕು. ರಾಜ್ಯ ರಾಜ್ಯಕ್ಕೂ ಚೀಟಿಯ ತೂಕ ಬೇರೆ. ಕೇರಳದ ಅಡುಗೆ ಕೊಬ್ಬರಿ ಎಣ್ಣೆಯ ಮೇಲೆ ನಿಂತಿದೆ, ಆ ವರ್ಷ ಕೊಬ್ಬರಿ ಎಣ್ಣೆ ಹತ್ತಿಕೊಂಡು ಉರಿಯಿತು. ಬಂಗಾರವೂ ಜೊತೆಗೂಡಿತು. ನಮ್ಮಲ್ಲಿ ಕಾಯಿ ತುರಿ ಬೇಕು, ಆದರೆ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಇದೆ. ರಿಸರ್ವ್ ಬ್ಯಾಂಕು ಬಡ್ಡಿ ದರ ನಿರ್ಧರಿಸುವುದು ದೇಶದ ಒಟ್ಟು ಅಂಕಿಯನ್ನು ನೋಡಿ. ವಯನಾಡಿನವರಿಗೆಂದು ಬೇರೆ ಬಡ್ಡಿ ದರವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಓದಿದವರೂ ಈ ತಪ್ಪು ಮಾಡುತ್ತಾರೆ. ಲೇಬರ್ ಬ್ಯೂರೋದ ಸೂಚ್ಯಂಕಕ್ಕೆ ದೇಶದಲ್ಲಿ 88 ಕೇಂದ್ರಗಳಿವೆ, ಮೈಸೂರೂ ಒಂದು. ಒಂದು ಊರಿನ ಅಂಕಿ ಇನ್ನೊಂದು ಊರಿಗಿಂತ ಹೆಚ್ಚಿದ್ದ ಕೂಡಲೇ ಆ ಊರು ದುಬಾರಿ ಎಂದು ಬರೆದುಬಿಡುತ್ತಾರೆ. ಹಾಗಲ್ಲ. 2016ರಲ್ಲಿ ಮೈಸೂರಿಗೂ 100, ಮುಂಬೈಗೂ 100. ಎರಡು ಊರಿನ ಬಾಡಿಗೆ ಒಂದೇ ಆಗಿತ್ತೇ? ಸೂಚ್ಯಂಕ ಒಂದು ಊರನ್ನು ಅದರ ನಿನ್ನೆಯೊಂದಿಗೆ ಹೋಲಿಸುತ್ತದೆಯೇ ಹೊರತು ಪಕ್ಕದ ಊರಿನೊಂದಿಗೆ ಅಲ್ಲ. ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗೀಟು ಹಾಕಿ ಗುರುತಿಸುತ್ತೇವಲ್ಲ, ಹಾಗೆ. ನಮ್ಮ ಹುಡುಗ ವರ್ಷದಲ್ಲಿ ಮೂರಿಂಚು ಬೆಳೆದ, ಪಕ್ಕದ ಮನೆಯವನು ಒಂದೇ ಇಂಚು. ಅಷ್ಟರಿಂದ ಯಾರು ಎತ್ತರ ಎಂದು ಗೊತ್ತಾಗುವುದಿಲ್ಲ.

ಊರು ಊರನ್ನು ಹೋಲಿಸಲು ಬೇರೆಯದೇ ಲೆಕ್ಕ ಬೇಕು, ಒಂದೇ ಚೀಟಿ ಹಿಡಿದು ಎರಡೂ ಕಡೆ ಅಂಗಡಿಗೆ ಹೋಗಬೇಕು. ಅಮೆರಿಕದಲ್ಲಿ ಅಂಥ ಪ್ರಾದೇಶಿಕ ಬೆಲೆ ಲೆಕ್ಕವನ್ನು ಸರ್ಕಾರವೇ ಪ್ರಕಟಿಸುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರ ಬಂದದ್ದು ಸುರೇಶ್ ತೆಂಡೂಲ್ಕರ್ ಸಮಿತಿಯ ಬಡತನ ರೇಖೆ. 2011-12ಕ್ಕೆ ಒಬ್ಬರ ತಿಂಗಳ ಖರ್ಚಿನ ಲೆಕ್ಕದಲ್ಲಿ ದೇಶದ ನಗರಗಳಿಗೆ 1,000 ರೂಪಾಯಿ. ಕರ್ನಾಟಕದ ನಗರಗಳಿಗೆ 1,089. ಕರ್ನಾಟಕದ ಹಳ್ಳಿಗಳಿಗೆ 902, ದೇಶದ ಹಳ್ಳಿಗಳಿಗೆ 816. ಆ ರೇಖೆ ತೀರಾ ಕೆಳಗಿತ್ತು ಎಂಬ ಜಗಳ ಬೇರೆ, ನಾನೂ ಆ ಜಗಳದಲ್ಲಿ ರೇಖೆಯ ವಿರುದ್ಧವೇ. ಆದರೆ ಅದೇ ಬದುಕಿಗೆ ಕರ್ನಾಟಕದಲ್ಲಿ ಹೆಚ್ಚು ದುಡ್ಡು ಬೇಕೆಂಬುದು ಅದರಲ್ಲಿ ಕಾಣುತ್ತದೆ.

ಉಚಿತವಾಗಿ ಸಿಗುವುದನ್ನು ಚೀಟಿಯಲ್ಲಿ ಹೇಗೆ ಬರೆಯುವುದು? ನಮ್ಮ ರಾಜ್ಯದಲ್ಲಿ ಇದು ದೊಡ್ಡ ಪ್ರಶ್ನೆ. 2023ರ ಜೂನ್ 11ರಿಂದ ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಹಿನಕಲ್ ಸ್ಟಾಪಿನಲ್ಲಿ ಬಸ್ಸು ಹತ್ತುವ ಗಂಡನಿಗೆ ಶೇಕಡಾ 15 ಏರಿಕೆ, ಜೊತೆಗೇ ಹತ್ತುವ ಹೆಂಡತಿಗೆ ಏರಿಕೆ ಸೊನ್ನೆ. ಒಂದೇ ಮನೆಯೊಳಗೆ ಎರಡು ಹಣದುಬ್ಬರ. ಪಡಿತರದ ಅಕ್ಕಿಯದೂ ಇದೇ ಸಮಸ್ಯೆ: ಬೆಲೆ ಸೊನ್ನೆಯಾದ ಸರಕನ್ನು ಚೀಟಿಯಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ? 2012ರ ಆಧಾರ ವರ್ಷ ಬಿಟ್ಟು 2024ಕ್ಕೆ ಹೋಗುವ ಕೆಲಸದ ನಡುವೆ ಸಾಂಖ್ಯಿಕ ಸಚಿವಾಲಯ ಇದನ್ನು ಚರ್ಚೆಗೆ ಇಟ್ಟಿತು. ಚೀಟಿ ಹಳೆಯದಾದಷ್ಟೂ ಸುಳ್ಳು ಹೇಳುತ್ತದೆ. 2011-12ರ ಖರ್ಚಿನ ಸಮೀಕ್ಷೆಯ ಮೇಲೆ ನಿಂತ ಚೀಟಿಯಲ್ಲಿ ಇಂದಿನ ಮೊಬೈಲ್ ಡೇಟಾ ಎಷ್ಟು ತೂಗೀತು?

ಕೊನೆಗೆ ನಮ್ಮ ಬೀದಿಗೇ ಬರುತ್ತೇನೆ. ವಿಜಯನಗರ ನಿವೃತ್ತರ ಬಡಾವಣೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಬ್ಯಾಂಕಿನವರು, ಮೇಷ್ಟ್ರುಗಳು, ಹೆಬ್ಬಾಳ ಮೇಟಗಳ್ಳಿ ಕಾರ್ಖಾನೆಗಳಲ್ಲಿ ಪಾಳಿ ಮಾಡಿದವರು ಅಕ್ಕಪಕ್ಕದಲ್ಲೇ ಇದ್ದಾರೆ. ರೈಲ್ವೆಯ ನಿವೃತ್ತರಿಗೆ ಆರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ 12 ತಿಂಗಳ ಸರಾಸರಿ ತೆಗೆದು, ಹಳೆಯ ಸರಣಿಗೆ ತಿರುಗಿಸಿ, ಆಧಾರವೆಂದು ಇಟ್ಟ 261.42ಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ; 2025ರ ಜುಲೈಯಲ್ಲಿ ಅದು ಶೇಕಡಾ 58 ಆಯಿತು. ಮೈಸೂರಿನಲ್ಲಿದ್ದರೂ ಗುವಾಹಟಿಯಲ್ಲಿದ್ದರೂ ಅದೇ ದರ. ಈ ಸೂಚ್ಯಂಕದ ಚೀಟಿ ಯಾರ ಮನೆಯದು? ಕಾರ್ಖಾನೆ, ಗಣಿ, ತೋಟ, ರೈಲ್ವೆ, ಬಸ್ಸು, ವಿದ್ಯುತ್ತು, ಬಂದರು ಈ ಏಳು ಕಡೆ ದುಡಿಯುವವರ ಮನೆಯದು. ಮೈಸೂರು ಆ 88 ಕೇಂದ್ರಗಳ ಪಟ್ಟಿಯಲ್ಲಿರುವುದೇ ಇಲ್ಲಿನ ದುಡಿಮೆಗಾರರಿಂದ. ಅವರ ಮನೆಯ ಅಕ್ಕಿ, ಬೇಳೆ, ಬಾಡಿಗೆ, ಎಲೆಯಡಿಕೆಯನ್ನು ತೂಗಿ ಕಟ್ಟಿದ ಅಂಕಿಯ ಮೇಲೆ ದೇಶದ ಅಧಿಕಾರಿಗಳ ಪಿಂಚಣಿ ಏರುತ್ತದೆ.

ಖಾಸಗಿ ಕಾರ್ಖಾನೆಯಿಂದ ನಿವೃತ್ತರಾದವರಿಗೆ ಸಿಗುವುದು 1995ರ ನೌಕರರ ಪಿಂಚಣಿ ಯೋಜನೆ. ಅದಕ್ಕೆ ತುಟ್ಟಿಭತ್ಯೆ ಇಲ್ಲ; ಚೀಟಿ ಕೊಟ್ಟ ಮನೆಗೇ ಆ ಚೀಟಿಯ ಲೆಕ್ಕ ಅನ್ವಯಿಸುವುದಿಲ್ಲ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನಿಗದಿ ಮಾಡಿದರು. ಆ ತಿಂಗಳ ಸೂಚ್ಯಂಕ, 2001ರ ಸರಣಿಯಲ್ಲಿ, 253. 2025ರ ಸೆಪ್ಟೆಂಬರಿನ 147.3ನ್ನು ಅದೇ ಸರಣಿಗೆ ತಿರುಗಿಸಿದರೆ 424. ನಮ್ಮ ಬೀದಿಯ ತಿರುವಿನಲ್ಲಿ, ಮಾತ್ರೆ ಅಂಗಡಿಯ ಮುಂದೆ, ಇವತ್ತು ಆ 1,000 ರೂಪಾಯಿ ಹಿಡಿದು ನಿಂತವರ ಕೈಯಲ್ಲಿರುವುದು 2014ರ 596 ರೂಪಾಯಿ.