ಹತ್ತನೆಯ ತರಗತಿಯ ಗ್ರೇಡಿಗೆ ಎಷ್ಟು ದುಡಿಯಬೇಕು?

(ಜಾತ್ರೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾಸರಗೋಡು ಸೀಮೆಯಲ್ಲಿ ಜಾತ್ರೆಗಳೂ ಹತ್ತನೆಯ ತರಗತಿಯ ಪರೀಕ್ಷೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ದೇವಸ್ಥಾನದ ಕಡೆಯಿಂದ ಚೆಂಡೆಯ ಸದ್ದು ಕೇಳುತ್ತಿರುತ್ತದೆ, ಮನೆಯಲ್ಲಿ ಹುಡುಗನ ಕೈಯಲ್ಲಿ ಗೈಡು. 'ಈ ವರ್ಷ ಆಟವೂ ಬೇಡ, ಉತ್ಸವವೂ ಬೇಡ' ಎನ್ನುತ್ತಾರೆ ಹೆತ್ತವರು. ಅವರ ಆತಂಕ ಸುಳ್ಳಲ್ಲ. ಆದರೆ ಆ ಗ್ರೇಡಿನ ಬೆಲೆಯೆಷ್ಟೆಂದು ಲೆಕ್ಕ ಹಾಕಿದವರು ಕಡಿಮೆ.

ಹಿಂದೆ ಕೇರಳದಲ್ಲಿ 600ರಲ್ಲಿ 210 ಅಂಕ ಬಂದರೆ ಪಾಸು. 2005ರಲ್ಲಿ ಅಂಕ ಹೋಗಿ ಗ್ರೇಡು ಬಂದಾಗ ಪೈಪೋಟಿ ತಗ್ಗೀತೆಂದು ಎಣಿಸಿದವರಿದ್ದರು. ತಗ್ಗಲಿಲ್ಲ. ಎಲ್ಲದರಲ್ಲೂ ಎ ಪ್ಲಸ್ ಬಂದು ಒಂದರಲ್ಲಿ ಮಾತ್ರ ಎ ಬಂದರೆ ಮನೆಯಲ್ಲಿ ಸೂತಕದ ಮೌನ!

ಈ ಗ್ರೇಡಿನ ಮುಖ್ಯ ಕೆಲಸ ಪ್ಲಸ್ ಒನ್ ಸೀಟು. ಹತ್ತಿರದ ಶಾಲೆಯಲ್ಲೇ ವಿಜ್ಞಾನ ಬೇಕೆನ್ನುವ ಮಗು ದುಡಿಯಲೇಬೇಕು. ಇಲ್ಲವಾದರೆ ಎರಡು ವರ್ಷ ಎರಡೆರಡು ಬಸ್ಸು ಹಿಡಿಯಬೇಕಾದೀತು. ಆಮೇಲೆ ಅದನ್ನು ಕೇಳುವವರು ಅಪರೂಪ. ವೈದ್ಯಕೀಯಕ್ಕೆ ನೀಟ್, ಇಂಜಿನಿಯರಿಂಗಿಗೆ ಪ್ಲಸ್ ಟೂ ಅಂಕ ಹಾಗೂ ಪ್ರವೇಶ ಪರೀಕ್ಷೆ. ಪಿ.ಎಸ್.ಸಿ.ಯ ಗುಮಾಸ್ತ ಹುದ್ದೆಗೆ ಹತ್ತನೆಯದು ಪಾಸಾದರೆ ಸಾಕು, ರ್ಯಾಂಕ್ ಪಟ್ಟಿ ಅವರದೇ ಪರೀಕ್ಷೆಯದು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಗುಮಾಸ್ತ ಹುದ್ದೆಗಳುಂಟು. ಅಲ್ಲಿ ಎ ಪ್ಲಸ್ಸಿಗಿಂತ ಮಲಯಾಳದ ಅರ್ಜಿ ಓದಲು ಬರುವುದು ದೊಡ್ಡದು.

ಕನ್ನಡ ಮಾಧ್ಯಮದ ಮಗುವಿಗೆ ನಿಜವಾದ ಪರೀಕ್ಷೆ ಪ್ಲಸ್ ಒನ್ ತರಗತಿಯಲ್ಲಿ. ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಪ್ರಶ್ನೋತ್ತರ ಉರುಹೊಡೆದು ಎ ಪ್ಲಸ್ ಪಡೆದ ಹುಡುಗಿ ಮೊದಲ ತಿಂಗಳಲ್ಲೇ ಮಂಕಾಗುತ್ತಾಳೆ. ಎ ಪಡೆದರೂ ಲೆಕ್ಕದ ದಾರಿ ತಿಳಿದವಳು ಹೇಗೋ ನಿಭಾಯಿಸುತ್ತಾಳೆ. ಮೇಷ್ಟ್ರುಗಳಿಗೆ ಇದು ಹೊಸತಲ್ಲ. ಎ ಗ್ರೇಡಿನ 80ರಿಂದ ಎ ಪ್ಲಸ್ಸಿನ 90ಕ್ಕೆ ಏರಲು ನಿದ್ದೆಗೆಟ್ಟು ಕಳೆಯುವ ಹೊತ್ತಿನಲ್ಲಿ ಅರ್ಧವನ್ನಾದರೂ ಇಂಗ್ಲಿಷ್ ಓದಿಗೆ, ಬಿಡಿಸಲಾಗದ ನಾಲ್ಕು ಲೆಕ್ಕಗಳಿಗೆ ಕೊಟ್ಟರೆ ಅದು ಜೂನ್ ಕಳೆದ ಮೇಲೂ ಕೈಯಲ್ಲಿರುತ್ತದೆ. ಪಾಸಾಗುವುದೇ ಕಷ್ಟವಿರುವ ಮಗುವಿನ ಮಾತು ಬೇರೆ. ಅದಕ್ಕೆ ಬೇಕಾದದ್ದು ಬೈಗುಳವಲ್ಲ, ಪಕ್ಕದಲ್ಲಿ ಕುಳಿತು ಹೇಳಿಕೊಡುವವರು.

ಇನ್ನು ಆಟದ ಮಾತು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ರಾಜ್ಯಮಟ್ಟದಲ್ಲಿ ಗ್ರೇಡು ಪಡೆದವರಿಗೆ ಗ್ರೇಸ್ ಮಾರ್ಕು ಇದೆ. ಮಾರ್ಕಿಗಾಗಿ ಗೆಜ್ಜೆ ಕಟ್ಟಿಸಿ ಎಂದಲ್ಲ. ಪರೀಕ್ಷೆಗೆ ಇನ್ನೂ ಹದಿನೈದು ದಿನವಿರುವಾಗ ಒಂದು ರಾತ್ರಿ ಆಟ ನೋಡಿದ ಮಗು ಮರುದಿನ ಮಧ್ಯಾಹ್ನದವರೆಗೆ ಮಲಗೀತು. ಮಲಗಲಿ.